ತಪ್ಪು ಗುಡ್ಡದ್ದಲ್ಲ: ಮನೆಯಲ್ಲೇ ಕಟ್ಟಿದ ವಿಮಾನವೊಂದರ ಆಂಟೆನಾ ಪ್ರಕರಣ

ದಕ್ಷಿಣ ಕೊಡಗಿನ ಒಂದು ಕಾಫಿ ತೋಟ. ಕಣದ ಪಕ್ಕದ ಹಳೇ ಗೋದಾಮಿನಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳಿಬ್ಬರು ಕಿಟ್ ತರಿಸಿ ಎರಡು ಸೀಟಿನ ಸಣ್ಣ ವಿಮಾನ ಕಟ್ಟಿದರು. ಒಡಲು ಪೂರ್ತಿ ಫೈಬರ್‌ಗ್ಲಾಸ್, ರೆಕ್ಕೆಯ ತೊಲೆ ಮರದ್ದು, ಅದರ ಮೇಲೆ ಬಟ್ಟೆಯ ಹೊದಿಕೆ, ಮೂತಿಯಲ್ಲಿ 80 ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಎಂಜಿನ್, ಬಾಲದಡಿ ಪುಟ್ಟ ಚಕ್ರ. ಹಾರಾಟಕ್ಕೆ ನಾಗರಿಕ ವಿಮಾನಯಾನ ನೋಡಿಕೊಳ್ಳುವ ಡಿ.ಜಿ.ಸಿ.ಎ. ಅನುಮತಿ, ರೇಡಿಯೋಗೆ ದೂರಸಂಪರ್ಕ ಇಲಾಖೆಯ ಡಬ್ಲ್ಯೂ.ಪಿ.ಸಿ. ಪರವಾನಗಿ, ಎರಡೂ ಕೈಗೆ ಬಂದ ಮೇಲೆ ನಡೆದ ಸಂಗತಿ ಇದು. ಊರು, ಮನೆತನ, ವಿಮಾನದ ಮಾದರಿ, ನೋಂದಣಿ ಅಕ್ಷರ ಯಾವುದನ್ನೂ ಇಲ್ಲಿ ಹೇಳಿಲ್ಲ. ಇಬ್ಬರನ್ನು ಅಣ್ಣ, ತಮ್ಮ ಎಂದಷ್ಟೇ ಕರೆದಿದ್ದೇವೆ.

ವಿಮಾನ ಇಳಿದು ಏರುವ ಪಟ್ಟಿ ಇರುವುದು ಗದ್ದೆ ಬಯಲಿನಲ್ಲಿ. ಕೊಯ್ಲು ಮುಗಿದು ನೆಲ ಗಟ್ಟಿಯಾದ ಮೇಲೆ, ಹುತ್ತರಿ ಕಳೆದು, ಹಾರಾಟ ಶುರು. ಏಪ್ರಿಲ್ ಮಳೆ ಹಿಡಿಯುವವರೆಗೆ ನಡೆಯುತ್ತದೆ. ಬಯಲಿನ ಮೂರು ಕಡೆ ಗುಡ್ಡ, ಸಾಲು ಸಿಲ್ವರ್ ಓಕ್. ಪಶ್ಚಿಮಕ್ಕೆ ಬ್ರಹ್ಮಗಿರಿಯ ಏಣು, ಅದರಾಚೆ ಇಳಿಜಾರಿನ ಕೆಳಗೆ 2018ರಲ್ಲಿ ತೆರೆದ ಕಣ್ಣೂರು ವಿಮಾನ ನಿಲ್ದಾಣ. ಪೂರ್ವಕ್ಕೆ ದೂರದಲ್ಲಿ ಮೈಸೂರಿನ ಮಂಡಕಳ್ಳಿ. ವಿಮಾನಗಳು ಮಾತಾಡುವ 118ರಿಂದ 137 ಮೆಗಾಹರ್ಟ್ಸ್‌ನ ವಿ.ಎಚ್.ಎಫ್. ಅಲೆಗಳು ಹೆಚ್ಚುಕಮ್ಮಿ ಕಣ್ಣಿನ ನೋಟದ ಹಾಗೆ ನೇರ ಹೋಗುತ್ತವೆ. ಗುಡ್ಡ ಅಡ್ಡ ಬಂದರೆ ಅಲ್ಲಿಗೆ ಮುಗಿಯಿತು. ಸಮತಟ್ಟು ನೆಲದಲ್ಲಿ ರೇಡಿಯೋ ಎಷ್ಟು ದೂರ ಕಾಣುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ: ಎತ್ತರವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.23ರಿಂದ ಗುಣಿಸಿದರೆ ಬರುವುದು ನಾಟಿಕಲ್ ಮೈಲಿಯಲ್ಲಿ ದೂರ. ನೆಲದಿಂದ 2,000 ಅಡಿ ಮೇಲಿದ್ದರೆ 55 ಮೈಲಿ, ಅಂದರೆ ನೂರು ಕಿಲೋಮೀಟರ್ ಆಸುಪಾಸು. ಗದ್ದೆಯಲ್ಲಿ ನಿಂತ ವಿಮಾನದ ಆಂಟೆನಾ ಎರಡು ಮೀಟರ್ ಎತ್ತರದಲ್ಲಿದ್ದರೆ ಐದಾರು ಕಿಲೋಮೀಟರ್ ಅಷ್ಟೆ, ಅದೂ ಗುಡ್ಡವಿಲ್ಲದಿದ್ದರೆ. ರೇಡಿಯೋ ಕೆಲಸ ಮಾಡದಿದ್ದಾಗ ಇಲ್ಲಿ ಎಲ್ಲರೂ ಮೊದಲು ಗುಡ್ಡದ ಕಡೆ ಬೆರಳು ತೋರಿಸುವುದು ಇದಕ್ಕೇ. ಈ ಪ್ರಕರಣದಲ್ಲಿ ಒಂದು ಇಡೀ ಹಾರಾಟದ ಋತು ಕೈತಪ್ಪಿದ್ದೂ ಅದರಿಂದಲೇ.

ಮೊದಲ ಜೋಡಣೆ

ಕಟ್ಟುವಾಗ ತೆಗೆದುಕೊಂಡ ತೀರ್ಮಾನಗಳು ಒಂದೊಂದಾಗಿ ನೋಡಿದರೆ ತಪ್ಪೆನಿಸುವುದಿಲ್ಲ. ರೇಡಿಯೋ 6 ವ್ಯಾಟ್‌ನದು. ಆಂಟೆನಾ ಹಿಂದಕ್ಕೆ ಬಾಗಿದ ಕಡ್ಡಿಯಂಥದ್ದು, ಸುಮಾರು 55 ಸೆಂ.ಮೀ. ಉದ್ದ, ಒಡಲಿನ ಹೊಟ್ಟೆಯಡಿಗೆ ಕೂರಿಸಿದ್ದು. ಹಾರುವಾಗ ನೆಲದವರ ಜೊತೆ ಮಾತಾಡಬೇಕಲ್ಲ, ಹಾಗಾಗಿ ಕೆಳಗಿದ್ದರೆ ವಾಸಿ ಎಂಬ ಎಣಿಕೆ. ಲೋಹದ ವಿಮಾನದಲ್ಲಾದರೆ ಈ ಎಣಿಕೆ ಸರಿ. ಫೈಬರ್‌ಗ್ಲಾಸ್ ಹಾಗಲ್ಲ, ಬೆಳಕಿಗೆ ಗಾಜು ಹೇಗೋ ರೇಡಿಯೋ ಅಲೆಗಳಿಗೆ ಅದು ಹಾಗೆ, ಅಡ್ಡ ಬರುವುದಿಲ್ಲ. ಅದರಲ್ಲಿ ಮೇಲೆ-ಕೆಳಗೆ ಎಂಬುದಕ್ಕಿಂತ ಎಂಜಿನ್, ಇಂಧನ ಟ್ಯಾಂಕ್, ಚಕ್ರದ ಲೋಹದ ಕಾಲು, ಕೂತ ಇಬ್ಬರ ಮೈ ಎಲ್ಲಿ ಅಡ್ಡ ಬರುತ್ತವೆ ಎಂಬುದೇ ಮುಖ್ಯ.

ಇಂಥ ಕಡ್ಡಿ ಆಂಟೆನಾ ಅರ್ಧ ಆಂಟೆನಾ ಮಾತ್ರ. ಇನ್ನರ್ಧ ಅದರ ಬುಡದಲ್ಲಿ ಹರಡಿದ ಲೋಹ, ಗ್ರೌಂಡ್ ಪ್ಲೇನ್ ಎನ್ನುತ್ತಾರೆ. ಲೋಹದ ವಿಮಾನದಲ್ಲಿ ಇಡೀ ಚರ್ಮವೇ ಆ ಕೆಲಸ ಮಾಡಿಬಿಡುತ್ತದೆ. ಇಲ್ಲಿ ನಾವೇ ಕೊಡಬೇಕು. ತಮ್ಮ ಒಳಗಡೆಯಿಂದ 15 ಸೆಂ.ಮೀ. ಅಗಲದ ದುಂಡನೆಯ ಅಲ್ಯೂಮಿನಿಯಂ ತಟ್ಟೆ ಅಂಟಿಸಿದ್ದ. 127 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರ ಎಂದರೆ 59 ಸೆಂ.ಮೀ. (75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಮೀಟರಿನಲ್ಲಿ ಸಿಗುತ್ತದೆ). ಬುಡದಿಂದ ಪ್ರತಿ ದಿಕ್ಕಿಗೆ ಹೆಚ್ಚುಕಮ್ಮಿ ಅಷ್ಟು ಲೋಹ ಬೇಕು. ಇದ್ದದ್ದು ಏಳೂವರೆ ಸೆಂಟಿಮೀಟರ್. ತಟ್ಟೆ ಸಾಲದೆ ಹೋದಾಗ ಆಂಟೆನಾ ಸುಮ್ಮನಿರುವುದಿಲ್ಲ, ತನ್ನ ಇನ್ನರ್ಧವನ್ನು ಕೇಬಲ್ಲಿನ ಹೊರಜಾಲರಿಯಲ್ಲಿ ಹುಡುಕಿಕೊಳ್ಳುತ್ತದೆ. ಆಮೇಲೆ ಕೇಬಲ್ಲೇ ಆಂಟೆನಾ. ಆ ಕೇಬಲ್ ಹೋಗುವುದು ಕಾಕ್‌ಪಿಟ್ಟಿನ ನಡುವೆ.

ಕೇಬಲ್ ಆರ್‌ಜಿ-58, 6 ಮೀಟರ್. ಬೇಕಾದದ್ದು 3 ಮೀಟರಿಗೆ ಸ್ವಲ್ಪ ಹೆಚ್ಚು. ಮುಂದೆ ಬೇಕಾದೀತು ಎಂದು ಉಳಿದದ್ದನ್ನು ಸುತ್ತಿ ಪ್ಯಾನೆಲ್ಲಿನ ಹಿಂದೆ ಕಟ್ಟಿಟ್ಟಿದ್ದರು.

ಕಾಣಿಸಿಕೊಂಡ ತೊಂದರೆ

ಮೊದಲ ಹಾರಾಟಗಳಲ್ಲೇ ಮೂರು ಲಕ್ಷಣ ಬಂದವು. ಆರೇಳು ಕಿಲೋಮೀಟರ್ ದಾಟಿದರೆ ಪಟ್ಟಿಯಲ್ಲಿ ಹ್ಯಾಂಡ್‌ಹೆಲ್ಡ್ (ಕೈಯಲ್ಲಿ ಹಿಡಿಯುವ ಸಣ್ಣ ರೇಡಿಯೋ) ಹಿಡಿದು ನಿಂತವರಿಗೆ ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಮಾತಾಡಲು ಗುಂಡಿ ಒತ್ತಿದರೆ ಹೆಡ್‌ಸೆಟ್ಟಿನಲ್ಲಿ ಕೀರಲು ಸದ್ದು, ಇಂಧನ ಮಾಪಕದ ಮುಳ್ಳು ಕಾಲು ಟ್ಯಾಂಕಿನಷ್ಟು ಮೇಲಕ್ಕೆ ಹಾರುತ್ತಿತ್ತು. ಮೂರನೆಯದು ಯಾವಾಗಲೂ ಅಲ್ಲ, ಕೆಲವು ಫ್ರೀಕ್ವೆನ್ಸಿಯಲ್ಲಿ ಮಾತ್ರ: ಗುಂಡಿ ಒತ್ತಿದ ಎರಡು-ಮೂರು ಸೆಕೆಂಡಿಗೆ ಜಿ.ಪಿ.ಎಸ್. ಜಾಗ ಕಳೆದುಕೊಳ್ಳುವುದು.

ಮೂರನ್ನೂ ಬೇರೆ ಬೇರೆ ಕಾಯಿಲೆ ಎಂದು ನೋಡಿದ್ದು ಮೊದಲ ಎಡವಟ್ಟು. ದೂರ ಹೋಗದ್ದಕ್ಕೆ ಗುಡ್ಡ ಕಾರಣ, ಕೀರಲಿಗೆ ಹೆಡ್‌ಸೆಟ್ ಕಾರಣ, ಮುಳ್ಳಿಗೆ ಮಾಪಕವೇ ಕಾರಣ ಎಂದು ಹಂಚಿಬಿಟ್ಟರು. ಹೊಸ ಹೆಡ್‌ಸೆಟ್ ಬಂತು, ಕೀರಲು ಹೋಗಲಿಲ್ಲ. 10 ವ್ಯಾಟ್‌ನ ರೇಡಿಯೋ ತರಿಸುವ ಮಾತೂ ಆಯಿತು. ಅದು ಆಗದಿದ್ದದ್ದೇ ಒಳ್ಳೆಯದಾಯಿತು. 6ರಿಂದ 10 ವ್ಯಾಟ್‌ಗೆ ಏರಿದರೆ ಸಿಗುವುದು 2.2 ಡೆಸಿಬಲ್, ಕಿವಿಗೆ ಅಷ್ಟಾಗಿ ಗೊತ್ತಾಗದಷ್ಟು. ಕೇಳಿಸಿಕೊಳ್ಳುವುದಕ್ಕಂತೂ ಅದರಿಂದ ಒಂದು ಕಾಸಿನ ಉಪಯೋಗವಿಲ್ಲ. ಆಂಟೆನಾ ಸರಿಯಾದರೆ ಹೇಳುವುದು, ಕೇಳುವುದು ಎರಡೂ ಒಟ್ಟಿಗೆ ಸರಿಹೋಗುತ್ತವೆ.

ಆಂಟೆನಾ ಪರೀಕ್ಷಿಸಲಿಲ್ಲವೇ ಎಂದರೆ, ಪರೀಕ್ಷಿಸಿದ್ದರು. ರೇಡಿಯೋ ಬುಡಕ್ಕೆ ಎಸ್.ಡಬ್ಲ್ಯೂ.ಆರ್. ಮೀಟರ್ ಹಾಕಿ ನೋಡಿದರು. ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸು ಬರುತ್ತಿದೆ ಎಂದು ಹೇಳುವ ಅಂಕ ಅದು: 1 ಎಂದರೆ ಏನೂ ವಾಪಸಿಲ್ಲ, ಅಂಕ ಏರಿದಷ್ಟೂ ವಾಪಸು ಹೆಚ್ಚು. 1.8 ತೋರಿಸಿತು. 2ರ ಒಳಗಿದ್ದರೆ ಸರಿ ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಅಲ್ಲಿಗೆ ಆಂಟೆನಾ ಚೆನ್ನಾಗಿದೆ ಎಂದು ಕೈ ತೊಳೆದುಕೊಂಡರು. ಉಳಿದದ್ದು ಗುಡ್ಡ ಒಂದೇ.

ಗುಡ್ಡವನ್ನು ಲೆಕ್ಕದಿಂದ ತೆಗೆದದ್ದು

ದಿಕ್ಕು ಬದಲಿಸಿದ್ದು ಖರ್ಚಿಲ್ಲದ ಒಂದು ಪರೀಕ್ಷೆ. ವಿಮಾನ ಪಟ್ಟಿಯಿಂದ ದೂರ ಹೋಗುವುದು ಬೇಡ, ನೆಲದಿಂದ 2,000 ಅಡಿ ಮೇಲೆ, ಪಟ್ಟಿಯಿಂದ ಎಂಟು ಕಿಲೋಮೀಟರಿನೊಳಗೆ, ಕೆಳಗಿನವರ ಕಣ್ಣಿಗೆ ಕಾಣುವ ಹಾಗೆಯೇ ಸುತ್ತಬೇಕು. ಮಧ್ಯೆ ಗುಡ್ಡವಿಲ್ಲ, ಮರವಿಲ್ಲ. 45 ಡಿಗ್ರಿಗೊಂದರಂತೆ ಎಂಟು ದಿಕ್ಕಿಗೆ ಮೂತಿ ತಿರುಗಿಸಿ, ಪ್ರತಿ ಸಲ ತಮಗೆ ಮಂಜೂರಾದ ಫ್ರೀಕ್ವೆನ್ಸಿಯಲ್ಲಿ ಐದು ಸೆಕೆಂಡು ಮಾತು, ಕೆಳಗಿನವರು 1ರಿಂದ 5ರೊಳಗೆ ಅಂಕ ಬರೆದುಕೊಳ್ಳುವುದು, 5 ಎಂದರೆ ಪೂರ್ತಿ ಸ್ಪಷ್ಟ. (ಇಂಥ ಪರೀಕ್ಷೆಗೆ 121.5 ಮೆಗಾಹರ್ಟ್ಸ್ ಮುಟ್ಟಲೇಬಾರದು. ಅದು ಆಪತ್ತಿನವರಿಗೆ ಮೀಸಲು.) ಬಂದ ಅಂಕ ಹೀಗಿತ್ತು: ಬಾಲ ತೋರಿಸಿದಾಗ 3, ಎಡಗಡೆಗೆ 3, ಬಲಗಡೆಗೆ ಮತ್ತು ಮೂತಿಯ ಕಡೆಗೆ ಒಂದೋ ಎರಡೋ ಅಷ್ಟೆ. ಚಕ್ರದ ಅಲ್ಯೂಮಿನಿಯಂ ಕಾಲು ಆಂಟೆನಾಗೆ ಒಂದಡಿ ದೂರದಲ್ಲಿ, ಮುಂದೆ ಬಲಕ್ಕಿತ್ತು.

ಆಮೇಲೆ ಅದೇ ಎತ್ತರದಲ್ಲಿ, ಪಕ್ಕದ ಸೀಟಿನಲ್ಲಿ ಕೂತವನು ಹ್ಯಾಂಡ್‌ಹೆಲ್ಡ್ ಸೆಟ್ಟಿನಿಂದ, ಅದರದೇ ರಬ್ಬರ್ ಆಂಟೆನಾದಿಂದ ಮಾತಾಡಿದ. ಒಂದೂವರೆ ವ್ಯಾಟ್ ಅಷ್ಟೆ. ಕೆಳಗೆ 4 ಎಂದು ಬರೆದುಕೊಂಡರು. ಆರು ವ್ಯಾಟ್‌ನ ರೇಡಿಯೋ, ಹೊರಗಿನ ದೊಡ್ಡ ಆಂಟೆನಾ ಸೇರಿ ಕೈಲಿದ್ದ ಪುಟ್ಟ ಸೆಟ್ಟಿಗಿಂತ ಕೆಳಗೆ. ಗುಡ್ಡದ ಮಾತು ಅಲ್ಲಿಗೆ ನಿಂತಿತು. ಈ ಎರಡು ಪರೀಕ್ಷೆಯನ್ನು ಮೊದಲ ವಾರವೇ ಮಾಡಿದ್ದರೆ ಹೆಡ್‌ಸೆಟ್ಟಿನ ದುಡ್ಡು ಉಳಿಯುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ನಾಲ್ಕು ತಿಂಗಳು.

ಕೇಬಲ್ ಹೇಳಿದ ಸುಳ್ಳು

ಹ್ಯಾಮ್ ರೇಡಿಯೋ ಪರವಾನಗಿ ಇದ್ದ ಪರಿಚಯದವರೊಬ್ಬರು ನ್ಯಾನೋ ವಿ.ಎನ್.ಎ. ತಂದರು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ, ಕೆಲವೇ ಸಾವಿರ ರೂಪಾಯಿಗೆ ಸಿಗುವ ಮಾಪನ ಯಂತ್ರ ಅದು. ಹೊರಗೆ ಬಿಡುವ ಶಕ್ತಿ ಅತ್ಯಲ್ಪ, ಹಾಗಾಗಿ ಯಾರಿಗೂ ತೊಂದರೆ ಕೊಡದೆ ಇಡೀ 118ರಿಂದ 137ರವರೆಗೆ ಒಂದೇ ಸಲ ಗೆರೆ ಎಳೆದು ತೋರಿಸುತ್ತದೆ. ಅವರು ಮೊದಲು ಮಾಡಿದ ಕೆಲಸ ಆಂಟೆನಾ ಅಳೆಯುವುದಲ್ಲ. ಆಂಟೆನಾ ಕಡೆಯ ಬಿಎನ್‌ಸಿ ಕನೆಕ್ಟರ್ ಬಿಚ್ಚಿ, ಕೇಬಲ್ಲಿನ ತುದಿಯನ್ನು ಖಾಲಿ ಬಿಟ್ಟು, ರೇಡಿಯೋ ಕಡೆಯಿಂದ ಅಳೆದರು.

ತುದಿ ಖಾಲಿ ಇದ್ದರೆ ಹೋದ ಶಕ್ತಿಯೆಲ್ಲ ವಾಪಸು ಬರಬೇಕು. ಬಾರದೆ ಇದ್ದಷ್ಟೂ ಕೇಬಲ್ ನುಂಗಿದ್ದು. ಹೊಸ ಆರ್‌ಜಿ-58, 6 ಮೀಟರಿಗೆ ಒಂದು ಕಡೆ ಹೋಗುವಾಗ ಹೆಚ್ಚುಕಮ್ಮಿ 1 ಡೆಸಿಬಲ್ ನುಂಗುತ್ತದೆ, ಬರುವಾಗ ಇನ್ನೊಂದು. ಆಗ ಮೀಟರಿನಲ್ಲಿ ಎಸ್.ಡಬ್ಲ್ಯೂ.ಆರ್. 8, 9ರ ಹತ್ತಿರ ಕಾಣಬೇಕು. ಕಂಡದ್ದು 3. ಅಂದರೆ ಹೋಗಿಬರುವ ನಷ್ಟ 6 ಡೆಸಿಬಲ್, ಒಂದು ಕಡೆಗೆ 3. 3 ಡೆಸಿಬಲ್ ಹೋಯಿತೆಂದರೆ ಅರ್ಧ ಹೋದಂತೆ, ರೇಡಿಯೋ ಕೊಟ್ಟ 6 ವ್ಯಾಟ್‌ನಲ್ಲಿ ಆಂಟೆನಾ ಮುಟ್ಟುತ್ತಿದ್ದದ್ದೇ 3.

ಕೇಬಲ್ಲಿನ ಹೊರತೊಗಟೆಯನ್ನು ಆಂಟೆನಾ ತುದಿಯಿಂದ ಒಂದು ಗೇಣು ಸೀಳಿದಾಗ ಕಾರಣ ಕಣ್ಣಿಗೇ ಕಂಡಿತು. ಹೊಳೆಯಬೇಕಿದ್ದ ಜಾಲರಿ ಕಪ್ಪಾಗಿ ಮಾಸಿತ್ತು, ಅಲ್ಲಲ್ಲಿ ಪಾಚಿಯಂತೆ ಹಸಿರು, ಬೆರಳಲ್ಲಿ ಹಿಸುಕಿದರೆ ತಣ್ಣಗೆ ತೇವ. ಗದ್ದೆಯ ಒಣ ಕೂಳೆ ಬಡಿದೂ ಬಡಿದೂ ಹೊಟ್ಟೆಯಡಿಯ ಆಂಟೆನಾದ ಬುಡದಲ್ಲಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಗೋದಾಮಿನ ಮಾಡು ಸೋರಿದ್ದೂ ಸೇರಿ ನೀರು ಕನೆಕ್ಟರಿಗೆ ಇಳಿದು, ದೀಪದ ಬತ್ತಿ ಎಣ್ಣೆ ಏರಿಸಿಕೊಳ್ಳುವ ಹಾಗೆ ಜಾಲರಿಯುದ್ದಕ್ಕೂ ಹತ್ತಿತ್ತು.

ನಷ್ಟವಿರುವ ಕೇಬಲ್ಲಿನ ಕೇಡು ಶಕ್ತಿ ತಿನ್ನುವುದಷ್ಟೇ ಅಲ್ಲ, ಆಂಟೆನಾದ ದೋಷವನ್ನೂ ಮುಚ್ಚಿಡುತ್ತದೆ. ಆಂಟೆನಾ ಬುಡದಲ್ಲಿ ಎಸ್.ಡಬ್ಲ್ಯೂ.ಆರ್. 3.5 ಇದ್ದು, ಕೇಬಲ್ ಒಂದು ಕಡೆಗೆ 3 ಡೆಸಿಬಲ್ ನುಂಗುತ್ತಿದ್ದರೆ, ರೇಡಿಯೋ ಕಡೆ ಕಾಣುವುದು 1.8. ಮೊದಲು ಕಂಡಿದ್ದ ಅಂಕ ಅದೇ. ಆಂಟೆನಾ ವಾಪಸು ತಳ್ಳಿದ್ದರಲ್ಲಿ ಅರ್ಧ ದಾರಿಯಲ್ಲೇ ಬಿಸಿಯಾಗಿ ಕರಗುತ್ತದೆ, ಮೀಟರಿಗೆ ತಲುಪುವುದಿಲ್ಲ. ಲೆಕ್ಕ ಹಾಕಿದರೆ 6 ವ್ಯಾಟ್‌ನಲ್ಲಿ ಗಾಳಿಗೆ ಸೇರುತ್ತಿದ್ದದ್ದು ಸುಮಾರು ಎರಡು, ಅದರಲ್ಲೂ ಒಂದು ಪಾಲು ಕೇಬಲ್ಲಿನ ಹೊರಮೈಯಿಂದ ಕಾಕ್‌ಪಿಟ್ಟಿನೊಳಗೆ.

ಕೇಬಲ್ ಬದಲಿಸಿದರು. ಆರ್‌ಜಿ-400, ಅಳೆದು 3.2 ಮೀಟರ್, ಸುತ್ತಿಡಲು ಒಂದಿಂಚೂ ಉಳಿಸಲಿಲ್ಲ. ಒಂದು ಮಾತು ಇಲ್ಲಿ ಸ್ಪಷ್ಟವಿರಲಿ: ಈ ಫ್ರೀಕ್ವೆನ್ಸಿಯಲ್ಲಿ, ಇಷ್ಟು ಗಿಡ್ಡ ಉದ್ದಕ್ಕೆ, ಹೊಸ ಆರ್‌ಜಿ-58ಕ್ಕೂ ಆರ್‌ಜಿ-400ಕ್ಕೂ ನಷ್ಟದಲ್ಲಿ ಹೇಳಿಕೊಳ್ಳುವಂಥ ಅಂತರವಿಲ್ಲ. ಆರ್‌ಜಿ-400 ಆರಿಸುವುದು ಅದರ ಬೆಳ್ಳಿ ಲೇಪದ ಎರಡು ಪದರ ಜಾಲರಿಗೆ, ಬಿಸಿಗೆ ಕರಗದ ಟೆಫ್ಲಾನ್ ಒಳಪದರಕ್ಕೆ.

ಹೊಸ ಕೇಬಲ್ ಹಾಕಿ ಅಳೆದರೆ ಎಸ್.ಡಬ್ಲ್ಯೂ.ಆರ್. 1.8ರಿಂದ 3ಕ್ಕೆ ಏರಿತ್ತು. "ಅಣ್ಣ, ಹಳೇದೇ ವಾಸಿ ಇತ್ತಲ್ಲ, ತಿರುಗಿ ಹಾಕಿಬಿಡೋಣವಾ?" ಎಂದು ತಮ್ಮ ಕೇಳಿದ್ದು ಸಹಜ. ಹೀಗೆ ಕೆಟ್ಟ ಅಂಕ ಬಂದಾಗ ಹಳೆಯದಕ್ಕೆ ಮರಳಿದವರು ಬೇಕಾದಷ್ಟು ಜನ ಇದ್ದಾರೆ. ಅಂಕ ಕೆಟ್ಟಿರಲಿಲ್ಲ, ಮೊದಲ ಸಲ ನಿಜ ಹೇಳಿತ್ತು.

ಬಾಲದಲ್ಲಿ ಹುದುಗಿಸುವ ಪ್ರಯತ್ನ

ಈಗ ಆಂಟೆನಾ. ಫೈಬರ್‌ಗ್ಲಾಸ್ ವಿಮಾನಕ್ಕೆ ಎಲ್ಲರೂ ಮೆಚ್ಚುವ ದಾರಿ ಒಂದಿದೆ: ತಾಮ್ರದ ಪಟ್ಟಿಯ ಡೈಪೋಲ್. ಎರಡು ತೋಳು, ತಲಾ 51 ಸೆಂ.ಮೀ. ಆಸುಪಾಸು, ಒಂದು ಮೇಲಕ್ಕೆ ಒಂದು ಕೆಳಕ್ಕೆ, ನಡುವೆ ಕೇಬಲ್. ಗ್ರೌಂಡ್ ಪ್ಲೇನ್ ಬೇಡ, ಹೊರಗೆ ಏನೂ ಚಾಚುವುದಿಲ್ಲ, ಗಾಳಿಗೆ ತಡೆಯಿಲ್ಲ, ಕೂಳೆಯ ಕಾಟವಿಲ್ಲ. ಬರಿ ಗಾಳಿಯಲ್ಲಿ 59 ಬೇಕಾದದ್ದು ಅಗಲವಾದ ಪಟ್ಟಿಯಾಗಿ ಗ್ಲಾಸಿಗೆ ಅಂಟಿದಾಗ ಗಿಡ್ಡವಾಗುತ್ತದೆ. ಕೇಬಲ್ ಹೊರಡುವ ಜಾಗದಲ್ಲಿ ಮೂರು ಫೆರೈಟ್ ಉಂಗುರ ಒತ್ತೊತ್ತಾಗಿ ಪೋಣಿಸಿದರೆ ಜಾಲರಿಯ ಹೊರಮೈ ಮೇಲೆ ಅಲೆ ಹರಿಯದು. ಅದಕ್ಕೆ 43 ನಂಬರಿನ ಫೆರೈಟ್ ಹೊಂದುತ್ತದೆ.

ಅಷ್ಟು ಉದ್ದದ ಡೈಪೋಲ್ ನೆಟ್ಟಗೆ ನಿಲ್ಲುವ ಜಾಗ ಬಾಲದ ಫಿನ್, ಅಂದರೆ ಬಾಲದ ಮೇಲೆ ನೆಟ್ಟಗೆ ನಿಂತ ಹಲಗೆಯಂಥ ಭಾಗ, ಒಂದೇ. ಅಲ್ಲಿಗೇ ಹಾಕಿದರು. 118ರಿಂದ 137ರೊಳಗೆ ಎಲ್ಲೂ ಎಸ್.ಡಬ್ಲ್ಯೂ.ಆರ್. 3ಕ್ಕಿಂತ ಇಳಿಯಲಿಲ್ಲ. ಉದ್ದ ಜಾಸ್ತಿಯಾಯಿತೇನೋ ಎಂದು ಎರಡೆರಡು ಸೆಂಟಿಮೀಟರ್ ಕತ್ತರಿಸಿದರು, ಮತ್ತೆ ಅಂಟಿಸಿದರು, ಫೆರೈಟ್ ಬದಲಿಸಿದರು. ಒಂದು ವಾರ ಹೋಯಿತು.

ಗುಟ್ಟು ಹೊರಬಿದ್ದದ್ದು ಬೇರೆ ಕೆಲಸಕ್ಕೆ ಹೋದಾಗ. ಬಾಲದ ದೀಪದ ತಂತಿಗೆ ಅಣ್ಣ ಫಿನ್ನಿನ ಒಳತೊಲೆಯಲ್ಲಿ ರಂಧ್ರ ಕೊರೆದ. ಗ್ಲಾಸ್ ಕೊರೆದರೆ ಉದುರುವುದು ಬಿಳಿ ಪುಡಿ, ಮೈಗೆ ತಾಗಿದರೆ ತುರಿಕೆ. ಇಲ್ಲಿ ಡ್ರಿಲ್ ತುದಿಗೆ ಹತ್ತಿದ್ದು ಕಪ್ಪು. ಬೆರಳಿಗೆ ಒರೆಸಿಕೊಂಡರೆ ಲಾಂದ್ರದ ಗಾಜಿನ ಮಸಿಯ ಹಾಗೆ. ತೊಲೆಗೆ ಬಲ ಬರಲೆಂದು ಕಿಟ್ ಮಾಡಿದವರು ಉದ್ದಕ್ಕೂ ಕಾರ್ಬನ್ ಫೈಬರ್ ಪದರ ಕೊಟ್ಟಿದ್ದರು, ಅದರ ಮೇಲೆ ಗ್ಲಾಸ್, ಅದರ ಮೇಲೆ ಬಿಳಿ ಬಣ್ಣ. ಕೈಪಿಡಿಯಲ್ಲಿ ಅದಕ್ಕೆ ಸಂದದ್ದು ಅರ್ಧ ಸಾಲು.

ಕಾರ್ಬನ್ ಫೈಬರ್ ವಿದ್ಯುತ್ತನ್ನು ಹರಿಸುತ್ತದೆ. ಅಲೆಗಳ ಮಟ್ಟಿಗೆ ಅದು ಕೆಟ್ಟ ಲೋಹ: ತಡೆಯುವಷ್ಟು ಹರಿಸುತ್ತದೆ, ಬಿಸಿಯಾಗಿ ತಿನ್ನುವಷ್ಟು ತಡೆಯುತ್ತದೆ. ಡೈಪೋಲಿಗೆ ಸಮಾನಾಂತರವಾಗಿ ಒಂದು ಗೇಣು ದೂರದಲ್ಲಿ ಅಂಥದ್ದು ನಿಂತಿದ್ದರೆ ಉದ್ದ ಕತ್ತರಿಸಿ ಪ್ರಯೋಜನವಿಲ್ಲ. ಆಂಟೆನಾ ಅಂಟಿಸುವ ಮೊದಲೇ ಇದನ್ನು ಐದು ನಿಮಿಷದಲ್ಲಿ ತಿಳಿಯಬಹುದಿತ್ತು. ಕಾಣದ ಎರಡು ಜಾಗದಲ್ಲಿ, ಹತ್ತು ಸೆಂಟಿಮೀಟರ್ ಅಂತರಕ್ಕೆ, ಸ್ಯಾಂಡ್‌ಪೇಪರಿನಿಂದ ನಾರು ಕಾಣುವ ತನಕ ಉಜ್ಜಿ ಮಲ್ಟಿಮೀಟರಿನ ಮುಳ್ಳು ಒತ್ತಬೇಕು. ಗ್ಲಾಸಾದರೆ ಮೀಟರ್ ಅಲುಗದು, ಕಾರ್ಬನ್ ಆದರೆ ಓಮ್‌ಗಳಲ್ಲಿ ಏನೋ ಒಂದು ಅಂಕ ತೋರಿಸುತ್ತದೆ. ಬಣ್ಣದ ಮೇಲೆ ಒತ್ತಿದರೆ ಏನೂ ತಿಳಿಯದು. ಕಿಟ್ ವಿಮಾನ ಕಟ್ಟುವ ಯಾರೇ ಆಗಲಿ, ಆಂಟೆನಾ ಕೊಳ್ಳುವುದಕ್ಕೂ ಮೊದಲು ಒಡಲು, ಬಾಲ, ಬಾಗಿಲು ಎಲ್ಲದರ ಮೇಲೂ ಈ ಪರೀಕ್ಷೆ ಮಾಡಿ ಒಂದು ನಕ್ಷೆ ಬರೆದಿಟ್ಟುಕೊಳ್ಳಲಿ. ಈ ಬರಹದಲ್ಲಿ ನಾವು ಒತ್ತಿ ಹೇಳಬೇಕೆಂದಿರುವುದು ಏನಾದರೂ ಇದ್ದರೆ ಅದು ಇದೇ.

ಕೊನೆಗೆ ಆರಿಸಿದ ಜಾಗ

ನಕ್ಷೆ ಹಾಕಿದ ಮೇಲೆ ಜಾಗ ತಾನಾಗಿ ಗೊತ್ತಾಯಿತು. ಕ್ಯಾಬಿನ್ನಿನ ಹಿಂದೆ, ಒಡಲಿನ ಬೆನ್ನು. ಸುತ್ತ ಒಂದು ಮೀಟರ್ ಶುದ್ಧ ಗ್ಲಾಸ್. ಎಂಜಿನ್ ದೂರ, ಟ್ಯಾಂಕ್ ದೂರ, ಕೂಳೆ, ಕೆಸರು ಮುಟ್ಟದ ಎತ್ತರ. ಒಳಗೆ ಹುದುಗುವ ಆಸೆ ಬಿಟ್ಟು ವಿಮಾನಕ್ಕೆಂದೇ ಮಾಡಿದ ಕಡ್ಡಿ ಆಂಟೆನಾವನ್ನು ನೆಟ್ಟಗೆ ನಿಲ್ಲಿಸಿದರು. ಗಾಳಿಯ ತಡೆ ಒಂದಿಷ್ಟು ಹೆಚ್ಚಿತು. ಆ ವೇಗದ ವಿಮಾನಕ್ಕೆ ಅದು ಲೆಕ್ಕಕ್ಕಿಲ್ಲ.

ಗ್ರೌಂಡ್ ಪ್ಲೇನ್ ಈ ಸಲ ತಟ್ಟೆಯಲ್ಲ, ನಾಲ್ಕು ತಾಮ್ರದ ಪಟ್ಟಿ. 25 ಮಿ.ಮೀ. ಅಗಲ, ತಲಾ 57 ಸೆಂ.ಮೀ. ಉದ್ದ. ಎರಡು ಬೆನ್ನಿನುದ್ದಕ್ಕೆ ಮುಂದೆ-ಹಿಂದೆ, ಇನ್ನೆರಡು ಒಡಲಿನ ಒಳಮೈಗೆ ಅಂಟಿ ಎಡಕ್ಕೂ ಬಲಕ್ಕೂ ಇಳಿದವು. ಹೀಗೆ ಇಳಿಯುವುದರಿಂದ ಲಾಭವೂ ಇದೆ. ಚಪ್ಪಟೆ ಲೋಹದ ಮೇಲೆ ನಿಂತ ಕಾಲು ತರಂಗದ ಕಡ್ಡಿಯ ಪ್ರತಿರೋಧ 36 ಓಮ್ ಆಸುಪಾಸು, ಕೇಬಲ್ 50ರದ್ದು. ಬುಡದ ತೋಳುಗಳನ್ನು ಕೆಳಕ್ಕೆ ಇಳಿಬಿಟ್ಟಷ್ಟೂ ಆಂಟೆನಾದ್ದು 50ರ ಕಡೆ ಏರುತ್ತದೆ.

ಕೂರಿಸಿದ ಬಗೆ ಹೀಗೆ. ಒಳಮೈಯನ್ನು 120 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ ಅಸಿಟೋನ್‌ನಲ್ಲಿ ಒರೆಸಿದರು. ಆಂಟೆನಾ ಬುಡದ ಭಾರ ತಡೆಯಲು 3 ಮಿ.ಮೀ. ಪ್ಲೈವುಡ್ ತುಂಡು ಎಪಾಕ್ಸಿಯಲ್ಲಿ ಕೂತಿತು. ಅದರ ಮೇಲೆ 12 ಸೆಂ.ಮೀ. ಚೌಕದ ತೆಳು ಹಿತ್ತಾಳೆ ತಗಡು, ಅದಕ್ಕೆ ನಾಲ್ಕು ಪಟ್ಟಿಯ ತುದಿ. ತಾಮ್ರದ ಪಟ್ಟಿಯ ಅಂಟು ಸಾಮಾನ್ಯವಾಗಿ ವಿದ್ಯುತ್ ಹರಿಸದು. ತಗಡಿನ ಮೇಲೆ ಸುಮ್ಮನೆ ಅಂಟಿಸಿದರೆ ಕಣ್ಣಿಗೆ ಸೇರಿದ ಹಾಗಿದ್ದು ಒಳಗೆ ಬೇರೆಯೇ ಇರುತ್ತದೆ. ಬೆಸುಗೆ ಹಾಕಲೇಬೇಕು. ಪಟ್ಟಿಯ ತುದಿಗೂ ತಗಡಿಗೂ ಮೇಜಿನ ಮೇಲೆಯೇ ಸೀಸ ಹಚ್ಚಿಕೊಂಡು, ಜಾಗದಲ್ಲಿ ದಪ್ಪ ತುದಿಯ 60 ವ್ಯಾಟ್ ಸೋಲ್ಡರಿಂಗ್ ಐರನ್ ಎರಡು-ಮೂರು ಸೆಕೆಂಡು ಮಾತ್ರ ಇಡಬೇಕು. ಸಣ್ಣ ಐರನ್ ಇಟ್ಟುಕೊಂಡು ಕಾಯುತ್ತ ಕೂತರೆ ಕೆಳಗಿನ ರೆಸಿನ್ ಸುಡುತ್ತದೆ. ಕೊನೆಗೆ ಪಟ್ಟಿಗಳ ಮೇಲೆ ತೆಳು ಗ್ಲಾಸ್ ಬಟ್ಟೆ ಒಂದು ಪದರ ಎಪಾಕ್ಸಿಯಲ್ಲಿ. ಇಲ್ಲಿನ ತೇವಕ್ಕೆ ಬರೀ ಅಂಟು ಎರಡು ಮಳೆಗಾಲ ತಡೆಯುವುದಿಲ್ಲ.

ಅಳೆದಾಗ 127ರಲ್ಲಿ 1.3, 118ರಲ್ಲಿ 1.9, 136ರಲ್ಲಿ 1.7. ಯಂತ್ರದ ಗೆರೆ ನೋಡುತ್ತ ಒಬ್ಬ ಕೂತಿರುವಾಗ ಇನ್ನೊಬ್ಬ ಸ್ಟಿಕ್ಕನ್ನೂ ರಡ್ಡರ್ ಪೆಡಲನ್ನೂ ಕೊನೆತನಕ ಆಡಿಸಿದ. ಒಡಲೊಳಗೆ ಉಕ್ಕಿನ ಕೇಬಲ್‌ಗಳು ಆಂಟೆನಾದ ಕೆಳಗೇ ಹಾದುಹೋಗುವ ವಿಮಾನದಲ್ಲಿ ಈ ಪರೀಕ್ಷೆ ಬಿಡಬಾರದು. ಗೆರೆ ಕುಣಿದರೆ ಪಟ್ಟಿಯನ್ನು ಸರಿಸಬೇಕು. ಇಲ್ಲಿ 1.3 ಇದ್ದದ್ದು 1.5ಕ್ಕೆ ಹೋಗಿ ಬಂತು, ಅಷ್ಟೆ.

ಕೀರಲು, ಮುಳ್ಳಿನ ಕುಣಿತ ಎರಡೂ ಮುಕ್ಕಾಲು ಪಾಲು ಅದೇ ದಿನ ನಿಂತವು. ಕೇಬಲ್ ಆಂಟೆನಾ ಆಗುವುದನ್ನು ಬಿಟ್ಟಿತ್ತಲ್ಲ. ಉಳಿದ ಕಾಲು ಪಾಲು ಮೈಕ್ ಜಾಕಿನದು. ಅದರ ಕೆಳಗೆ ಫೈಬರ್ ವಾಷರ್ ಕೊಟ್ಟು ಲೋಹದ ಪಟ್ಟಿಯಿಂದ ಬೇರ್ಪಡಿಸಿ, ತಂತಿಯ ಕವಚವನ್ನು ರೇಡಿಯೋ ಕಡೆ ಮಾತ್ರ ನೆಲಕ್ಕೆ ಕಟ್ಟಿದ ಮೇಲೆ ಅದೂ ಹೋಯಿತು.

ಜಿ.ಪಿ.ಎಸ್. ಒಗಟು, ಇ.ಎಲ್.ಟಿ.ಯ ಜಾಗ

ಜಿ.ಪಿ.ಎಸ್. ತೊಂದರೆ ಹಾಗೇ ಉಳಿದಿತ್ತು. ಯಾವ ಫ್ರೀಕ್ವೆನ್ಸಿಯಲ್ಲಿ ಎಂದು ಬರೆದುಕೊಂಡು ನೋಡಿದಾಗ 121.2ರ ಸುತ್ತ, 131.3ರ ಸುತ್ತ. ಇದು ಕಾಕತಾಳೀಯವಲ್ಲ. ಜಿ.ಪಿ.ಎಸ್. ಉಪಗ್ರಹಗಳು ಮಾತಾಡುವುದು 1575.42 ಮೆಗಾಹರ್ಟ್ಸ್‌ನಲ್ಲಿ. 121.2ರ ಹದಿಮೂರು ಪಟ್ಟು, 131.3ರ ಹನ್ನೆರಡು ಪಟ್ಟು ಅದರ ಮಗ್ಗುಲಿಗೇ ಬಂದು ಕೂರುತ್ತವೆ. ರೇಡಿಯೋದಲ್ಲಿ ದೋಷವೆಂದು ಅದನ್ನು ಕಳಿಸಿಬಿಡುವ ಮುಂಚೆ ಇ.ಎಲ್.ಟಿ.ಯ ಆಂಟೆನಾ ಕೇಬಲ್ ಬಿಚ್ಚಿ ನೋಡಿದರು. ತೊಂದರೆ ಮಾಯ.

ಇ.ಎಲ್.ಟಿ. ಎಂದರೆ ವಿಮಾನ ಬಿದ್ದರೆ ತಾನೇ ಎಚ್ಚೆತ್ತು 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುವ, ಜೊತೆಗೆ ಹುಡುಕುವವರಿಗೆ ದಾರಿ ತೋರಲು 121.5ರಲ್ಲೂ ಸದ್ದು ಮಾಡುವ ಪೆಟ್ಟಿಗೆ. ಅದರ ಆಂಟೆನಾ ರೇಡಿಯೋ ಆಂಟೆನಾದ ತೀರ ಹತ್ತಿರವಿದ್ದರೆ ರೇಡಿಯೋದ ಶಕ್ತಿ ಅದರೊಳಗೆ ನುಗ್ಗಿ, ಅಲ್ಲಿನ ಭಾಗಗಳಲ್ಲಿ ಹಲವು ಪಟ್ಟಿನ ಅಲೆಗಳಾಗಿ ಮತ್ತೆ ಹೊರಬೀಳುತ್ತದೆ. ಮೊದಲ ಜೋಡಣೆಯಲ್ಲಿ ಎರಡೂ ಒಂದು ಗೇಣು ದೂರದಲ್ಲಿದ್ದವು. ಹೊಸದರಲ್ಲೂ ಅಭ್ಯಾಸಬಲದಿಂದ ಇ.ಎಲ್.ಟಿ.ಯನ್ನು ಮಗ್ಗುಲಲ್ಲೇ ನಿಲ್ಲಿಸಿದ್ದರು. 90 ಸೆಂ.ಮೀ. ಹಿಂದಕ್ಕೆ ಸರಿಸಿ ಅದಕ್ಕೇ ಬೇರೆ ತಾಮ್ರದ ಪಟ್ಟಿ ಕೊಟ್ಟ ಮೇಲೆ ಜಿ.ಪಿ.ಎಸ್. ಕದಲಲಿಲ್ಲ.

ಎಲ್ಲ ಆಂಟೆನಾ ಕೂರಿಸಿ ಮಿಕ್ಕ ಜಾಗ ಇ.ಎಲ್.ಟಿ.ಗೆ ಎನ್ನುವುದು ಹಲವರ ರೂಢಿ. ಕೊಡಗಿನಲ್ಲಿ ಹಾರುವವರು ಅದನ್ನು ತಿರುಗಿಸಿ ಹಾಕಬೇಕು. ಪುಷ್ಪಗಿರಿ, ಬ್ರಹ್ಮಗಿರಿಯ ಕಾಡಿನಲ್ಲಿ ಇಳಿದ ವಿಮಾನ ಮರದ ತಲೆಗಳ ಕೆಳಗೆ ಮೇಲಿಂದ ಕಾಣುವುದಿಲ್ಲ. ಕಿರುಚುವ ಪೆಟ್ಟಿಗೆಯ ಮೇಲೆಯೇ ಜೀವ ನಿಂತಿರುತ್ತದೆ. ಆಂಟೆನಾ ನೆಟ್ಟಗಿರಬೇಕು, ಒಡಲಿನ ಮೇಲ್ಭಾಗದಲ್ಲಿರಬೇಕು. ಪೆಟ್ಟಿಗೆಗೂ ಆಂಟೆನಾಗೂ ನಡುವಿನ ಕೇಬಲ್ ಗಿಡ್ಡವಿದ್ದಷ್ಟು ಒಳ್ಳೆಯದು, ಒಡಲು ಮುರಿಯಬಹುದಾದ ಕೀಲನ್ನು ಅದು ದಾಟಬಾರದು. ಪೆಟ್ಟಿಗೆಯ ಸಂಖ್ಯೆಯನ್ನು ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್‌ನೊಳಗಿರುವ ಇಂಡಿಯನ್ ಮಿಷನ್ ಕಂಟ್ರೋಲ್ ಸೆಂಟರಿನಲ್ಲಿ ನೋಂದಾಯಿಸಬೇಕು. ಸಂಕೇತ ಬಂದಾಗ ಯಾರಿಗೆ ಫೋನ್ ಮಾಡಬೇಕು ಎಂಬುದು ಗೊತ್ತಾಗುವುದು ಆ ನೋಂದಣಿಯಿಂದ. ಬೇರೆ ದೇಶದಿಂದ ಕಿಟ್ಟಿನ ಜೊತೆ ಬಂದ ಪೆಟ್ಟಿಗೆಯಲ್ಲಿ ಆ ದೇಶದ ಸಂಕೇತವೇ ಇರಬಹುದು. ಭಾರತದ ಸಂಕೇತ 419. ಇಲ್ಲಿ ಅದನ್ನು ಬದಲಿಸಿ ಬರೆಸಬೇಕಾಯಿತು.

ಆಮೇಲೆ

ಅದೇ ಎಂಟು ದಿಕ್ಕಿನ ಪರೀಕ್ಷೆ, ಅದೇ ಎತ್ತರ, ಅದೇ ಹ್ಯಾಂಡ್‌ಹೆಲ್ಡ್. ಏಳು ದಿಕ್ಕಿಗೆ 5, ಮೂತಿ ನೇರ ತೋರಿಸಿದಾಗ 4, ಅಲ್ಲಿ ಎಂಜಿನ್ ಅಡ್ಡವಿದೆ. ಕುಶಾಲನಗರದ ಕಡೆಯ ಬಯಲಿನಲ್ಲಿ ನಿಂತವರಿಗೆ ಸುಮಾರು 35 ಕಿಲೋಮೀಟರಿನಿಂದ ಮಾತು ಪೂರ್ತಿ ಕೇಳಿತು.

ಗುಡ್ಡ ಗುಡ್ಡವೇ, ಅದೇನೂ ಕರಗಿಲ್ಲ. ಬ್ರಹ್ಮಗಿರಿ ಕಡೆಯ ಕಣಿವೆಗಳಲ್ಲಿ ಏಣಿನ ಮಟ್ಟಕ್ಕಿಂತ ಕೆಳಗಿಳಿದರೆ ಈಗಲೂ ಮಾತು ನಿಲ್ಲುತ್ತದೆ. ಆದರೆ ಈಗ ಅದು ಎಲ್ಲಿ, ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂದು ನಕ್ಷೆಯಲ್ಲಿ ಗುರುತು ಹಾಕಿಕೊಂಡಿದ್ದಾರೆ, ಆ ಗೆರೆ ದಾಟುವ ಮುಂಚೆ ಹೋಗುವ ದಿಕ್ಕು, ಮರಳುವ ಹೊತ್ತು ಹೇಳುತ್ತಾರೆ. ಆಂಟೆನಾ ಕೆಟ್ಟಿದ್ದಾಗ ಈ ಗೆರೆ ಎಳೆಯುವುದೇ ಸಾಧ್ಯವಿರಲಿಲ್ಲ.

ಹಳೆಯ 15 ಸೆಂ.ಮೀ. ತಟ್ಟೆಯನ್ನು ಕಿತ್ತಿಲ್ಲ. ಮುಂದೆ ಟ್ರಾನ್ಸ್‌ಪಾಂಡರ್ (ನೆಲದ ರೇಡಾರ್ ಕೇಳಿದಾಗ ತಾನಾಗಿ ಉತ್ತರಿಸುವ ಪೆಟ್ಟಿಗೆ) ಹಾಕುವ ಯೋಚನೆಯಿದೆ. ಅದು ಉತ್ತರ ಕೊಡುವುದು 1090 ಮೆಗಾಹರ್ಟ್ಸ್‌ನಲ್ಲಿ, ಕಾಲು ತರಂಗಾಂತರ 7 ಸೆಂ.ಮೀ.ಗೂ ಕಡಿಮೆ. ಅದಕ್ಕೆ ಈ ತಟ್ಟೆ ಸರಿಯಾದ ಅಳತೆ, ಬೆರಳುದ್ದದ ಆಂಟೆನಾವನ್ನು ಕೂಳೆಯೂ ಮುಟ್ಟದು. ಆ ಫ್ರೀಕ್ವೆನ್ಸಿಯಲ್ಲಿ ಕೇಬಲ್ಲಿನ ನಷ್ಟ ಹಲವು ಪಟ್ಟು ಹೆಚ್ಚು, ಹಾಗಾಗಿ ಪೆಟ್ಟಿಗೆಯನ್ನೇ ಆಂಟೆನಾ ಬಳಿಗೆ ಒಯ್ದು ಕೇಬಲ್ ಒಂದು ಮೀಟರಿನೊಳಗೆ ಮುಗಿಸುವುದೆಂದು ಗೊತ್ತುಮಾಡಿದ್ದಾರೆ.

ಹೊಸ ಆಂಟೆನಾದ ಬುಡಕ್ಕೆ ಸೀಲಂಟ್ ಹಚ್ಚಿದೆ. ಕೇಬಲ್ ಕನೆಕ್ಟರಿನಿಂದ ಒಂದು ಗೇಣು ಕೆಳಕ್ಕಿಳಿದು ಮತ್ತೆ ಮೇಲೇರಿ ಮುಂದೆ ಹೋಗುತ್ತದೆ, ನೀರು ಬಂದರೂ ಆ ಬಾಗಿನಲ್ಲಿ ತೊಟ್ಟಿಕ್ಕಿ ಬೀಳಲಿ ಎಂದು. ಮಳೆಗಾಲಕ್ಕೆ ಮೊದಲೊಮ್ಮೆ, ಕಕ್ಕಡ ಕಳೆದು ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಇನ್ನೊಮ್ಮೆ, ಆಂಟೆನಾ ಕಡೆಯ ತುದಿ ಬಿಚ್ಚಿ ಖಾಲಿ ಕೇಬಲ್ಲನ್ನು ಅಳೆದು ಲಾಗ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯುತ್ತಾರೆ. ತುದಿ ಖಾಲಿ ಇರುವಾಗ ಎಸ್.ಡಬ್ಲ್ಯೂ.ಆರ್. ಹೆಚ್ಚಿದ್ದಷ್ಟೂ ಕೇಬಲ್ ಆರೋಗ್ಯವಾಗಿದೆ ಎಂದರ್ಥ. ಹಾಕಿದ ದಿನದ ಓದು 17. ಮೊದಲ ಮಳೆಗಾಲ ಕಳೆದ ಮೇಲೂ 17 ಇತ್ತು.